ಮೈಕ್ ಪ್ರಿಆಂಪ್ ಕಿಟ್ ಜೋಡಿಸುವಾಗ ಐಸಿ ಕೊನೆಗೆ ಹಾಕಿ

ಅಮ್ಮ ಹಾಡುವ ಸೋಬಾನೆ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೆ ದನಿ ಡಬ್ಬಿಯೊಳಗಿಂದ ಬಂದ ಹಾಗಿರುತ್ತಿತ್ತು. ಅಪ್ಪ ಮದುವೆ, ಜಾತ್ರೆಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ ಕಾಲದ ಡೈನಮಿಕ್ ಮೈಕ್ ಮನೆಯಲ್ಲೇ ಇತ್ತು. ಆದರೆ ಅದರಿಂದ ಬರುವುದು ಕೆಲವೇ ಮಿಲಿವೋಲ್ಟ್. ರೆಕಾರ್ಡರಿಗೆ ಸಾಕಾಗಬೇಕಾದರೆ ಅದನ್ನು 100ರಿಂದ 1000 ಪಟ್ಟು ದೊಡ್ಡದು ಮಾಡಬೇಕು. ಆ ಕೆಲಸ ಮಾಡುವುದೇ ಪ್ರಿಆಂಪ್. ಅದಕ್ಕೇ ಅದರ ಕಿಟ್ ತರಿಸಿದೆ. ದನಿ ದೊಡ್ಡದು ಮಾಡುವ ಎನ್ಇ 5532 ಐಸಿ, 230 ವೋಲ್ಟನ್ನು ಇಳಿಸುವ 15-0-15 ಟ್ರಾನ್ಸ್‌ಫಾರ್ಮರ್, +15 ಮತ್ತು -15 ವೋಲ್ಟನ್ನು ಏರಿಳಿಯದಂತೆ ಕೊಡುವ 7815 ಮತ್ತು 7915 ರೆಗ್ಯುಲೇಟರ್. ದಾವಣಗೆರೆಯ ನಮ್ಮ ಮನೆಯ ಊಟದ ಟೇಬಲ್ ಎರಡು ಭಾನುವಾರ ಇದಕ್ಕೇ ಹೋಯಿತು. ಒಂದರಲ್ಲೇ ಮುಗಿಯಬೇಕಿತ್ತು.

ಗಿಡ್ಡ ಪಾರ್ಟುಗಳು ಮೊದಲು: ರೆಸಿಸ್ಟರ್, ಡಯೋಡ್, ಐಸಿ ಸಾಕೆಟ್. ಎತ್ತರದ ಕೆಪಾಸಿಟರ್ ಆಮೇಲೆ. 10ಕೆ ರೆಸಿಸ್ಟರಿಗೆ ಕಂದು, ಕಪ್ಪು, ಕಪ್ಪು, ಕೆಂಪು, ಕಂದು ಪಟ್ಟೆ. ಟ್ಯೂಬ್‌ಲೈಟಲ್ಲಿ ಕೆಂಪು, ಕಂದು ಎರಡೂ ಒಂದೇ ಥರ ಕಾಣುತ್ತವೆ. ಸುಮ್ನೆ ಮಲ್ಟಿಮೀಟರ್ ಹಿಡಿದು ಅಳೆಯಿರಿ. ಅಳೆಯೋದಕ್ಕೆ ಇನ್ನೊಂದು ಕಾರಣವೂ ಇದೆ. ಮೈಕಿನ ಎರಡು ತಂತಿಗೂ ಸಮನಾಗಿ ಸೇರಿಕೊಂಡ ಗುಂಯ್ ಸದ್ದು ಪ್ರಿಆಂಪಿನಲ್ಲಿ ವಜಾ ಆಗಬೇಕು. ಎರಡೂ ಬದಿಯ ರೆಸಿಸ್ಟರ್ ಸಮ ಇದ್ದರೆ ಮಾತ್ರ ಅದು ಸರಿಯಾಗಿ ವಜಾ ಆಗುತ್ತದೆ. ಹತ್ತು ತಂದು, ತೀರಾ ಹತ್ತಿರದ ಜೋಡಿಗಳನ್ನು ಆರಿಸಿಕೊಳ್ಳಿ.

ಬೆಸುಗೆಗೆ 25 ವ್ಯಾಟ್ ಐರನ್ ಸಾಕು. ಕಿಟಕಿ ತೆರೆಯಿರಿ, ಫ್ಯಾನ್ ಆಫ್ ಮಾಡಿ. ನಮ್ಮೂರ ಏಪ್ರಿಲ್ಲಿನಲ್ಲಿ ಇದು ಶಿಕ್ಷೆಯೇ, ಆದರೆ ಗಾಳಿಗೆ ಬಿಸಿ ನಿಲ್ಲುವುದಿಲ್ಲ. ಐರನ್ ತುದಿ ಬೋರ್ಡಿನ ತಾಮ್ರಕ್ಕೂ ಪಾರ್ಟಿನ ಕಾಲಿಗೂ ಒಟ್ಟಿಗೆ ತಾಗಬೇಕು. ಎರಡು ಎಣಿಸಿ, ಆಮೇಲೆ ಸೋಲ್ಡರ್ ತಂತಿಯನ್ನು ಆ ಸೇರುವ ಜಾಗಕ್ಕೆ ಮುಟ್ಟಿಸಿ, ಐರನ್ನಿಗಲ್ಲ. ಹಂಚು ಕಾಯುವ ಮೊದಲೇ ಹಿಟ್ಟು ಹುಯ್ದರೆ ಬೆಣ್ಣೆ ದೋಸೆ ಏಳುತ್ತಾ? ಇದೂ ಹಾಗೇ. ಸೋಲ್ಡರ್ ಹೊಳೆಯುತ್ತಾ ಕಾಲಿನ ಸುತ್ತ ಹತ್ತಿಕೊಂಡರೆ ಸರಿ. ಗುಂಡಿನ ಹಾಗೆ ಮೇಲೇ ಕೂತರೆ ಮತ್ತೆ ಕಾಯಿಸಿ.

ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಉದ್ದ ಕಾಲು ಪ್ಲಸ್. ಮೈನಸ್ ಸಪ್ಲೈ ಕಡೆ ಮಾತ್ರ ಆ ಪ್ಲಸ್ ಕಾಲು ಗ್ರೌಂಡಿಗೆ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟಿಗೆ, ಹೋಗುತ್ತದೆ. ಇಲ್ಲಿ ಬಹಳ ಜನ ಎಡವುತ್ತಾರೆ. ಕಿಟ್ಟಿನಲ್ಲಿ 25 ವೋಲ್ಟಿನವು ಬಂದಿದ್ದವು. 15 ವೋಲ್ಟ್ ಎಸಿ ಡಯೋಡುಗಳಲ್ಲಿ ಡಿಸಿ ಆದ ಮೇಲೆ 21ರ ಹತ್ತಿರ ನಿಲ್ಲುತ್ತದೆ, ಮನೆಯ ಲೈನಿನಲ್ಲಿ ವೋಲ್ಟೇಜ್ ಜಾಸ್ತಿ ಬಂದಾಗ ಇನ್ನೂ ಏರುತ್ತದೆ. ನಾನು ರೆಗ್ಯುಲೇಟರುಗಳ ಇನ್‌ಪುಟ್ ಕಡೆಯ ಎರಡಕ್ಕೂ 35 ವೋಲ್ಟಿನವು ಹಾಕಿದೆ.

ಈಗ ಎರಡನೇ ಭಾನುವಾರದ ಕಥೆ. ಎರಡೂ ರೆಗ್ಯುಲೇಟರನ್ನು ಅಲ್ಯೂಮಿನಿಯಂ ಡಬ್ಬಿಗೆ ನೇರ ಸ್ಕ್ರೂ ಮಾಡಿದ್ದೆ. 7815ರ ಬೆನ್ನಿನ ಲೋಹ ಗ್ರೌಂಡು, ಸರಿ. ಆದರೆ 7915ರ ಬೆನ್ನು ಇನ್‌ಪುಟ್ಟಿಗೆ ಸೇರಿದ್ದು! ಡಬ್ಬಿ ಗ್ರೌಂಡ್ ಆಗಿದ್ದರಿಂದ ನೇರ ಶಾರ್ಟು. ಟ್ರಾನ್ಸ್‌ಫಾರ್ಮರ್ ಗುರ್ ಅಂತು, ಒಂದು ಡಯೋಡ್ ಹೊಗೆ ಬಿಟ್ಟಿತು. "ಏನೋ ಸುಟ್ಟ ವಾಸನೆ ಕಣೋ" ಅಂತ ಅಮ್ಮ ಒಳಗಿನಿಂದ ಕೂಗಿದರು. ನಾನು ಅಷ್ಟರಲ್ಲಿ ಪ್ಲಗ್ ಕಿತ್ತಿದ್ದೆ. 7915ರ ಲೋಹ ಡಬ್ಬಿಗೆ ತಾಗದಂತೆ ಮೈಕಾ ವಾಷರ್, ಪ್ಲಾಸ್ಟಿಕ್ ಬುಷ್ ಹಾಕಲೇಬೇಕು. ಎರಡರ ಕಾಲುಗಳ ಕ್ರಮವೂ ಬೇರೆ: 7815ರಲ್ಲಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್, 7915ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್.

ಐಸಿ ಉಳಿದದ್ದು ಸಾಕೆಟ್ ಇನ್ನೂ ಖಾಲಿ ಇದ್ದದ್ದಕ್ಕೆ. ನೀವೂ ಖಾಲಿ ಇಟ್ಟೇ ಕರೆಂಟ್ ಕೊಡಿ. ಗ್ರೌಂಡಿಗೆ ಮೀಟರಿನ ಕಪ್ಪು ವೈರ್ ಹಿಡಿದು ನೋಡಿದರೆ 8ನೇ ಪಿನ್ನಿನಲ್ಲಿ +15, 4ನೇ ಪಿನ್ನಿನಲ್ಲಿ -15 ಬರಬೇಕು. ಬಂದರೆ ಪ್ಲಗ್ ತೆಗೆದು, ಐದು ನಿಮಿಷ ಬಿಟ್ಟು, ಐಸಿಯ ಕಚ್ಚು ಸಾಕೆಟ್ಟಿನ ಕಚ್ಚಿನ ಕಡೆಗೇ ಇರುವುದನ್ನು ನೋಡಿಕೊಂಡು ಐಸಿ ಕೂರಿಸಿ. 230 ವೋಲ್ಟ್ ಕಡೆಯ ಜಾಯಿಂಟಿಗೆಲ್ಲ ಸ್ಲೀವ್ ಇರಲಿ, ಫ್ಯೂಸ್ ಇರಲಿ, ಡಬ್ಬಿಗೆ ಅರ್ಥ್ ಇರಲಿ. ಇದರಲ್ಲಿ ಜುಗ್ಗತನ ಬೇಡ.

ಮೈಕ್ ಸಾಕೆಟ್ಟಿನ 1ನೇ ಪಿನ್ ಡಬ್ಬಿಗೆ, 2 ಪ್ಲಸ್, 3 ಮೈನಸ್. ಅಲ್ಲಿಂದ ಬೋರ್ಡಿಗೆ ಶೀಲ್ಡ್ ವೈರ್.

ಹೆಡ್‌ಫೋನಿನಲ್ಲಿ ಸಣ್ಣಗೆ ಶ್ ಅಂದರೆ ಚಿಂತೆಯಿಲ್ಲ. ನನಗೆ ಗುಂಯ್ ಕೇಳಿಸಿತು. ಪ್ಲಗ್ ತೆಗೆದು ಟ್ರಾನ್ಸ್‌ಫಾರ್ಮರನ್ನು ಮೈಕ್ ಸಾಕೆಟ್ಟಿನಿಂದ ದೂರದ ಮೂಲೆಗೆ ಸರಿಸಿ, ಅಡ್ಡಲಾಗಿ ತಿರುಗಿಸಿ ಕೂರಿಸಿದೆ. ಹೋಯಿತು.

ಸಂಜೆ ಅಮ್ಮನನ್ನು ಕೂರಿಸಿ ಮೂರು ಪದ ರೆಕಾರ್ಡ್ ಮಾಡಿದೆ. ದನಿ ಎದುರಿಗೇ ಕೂತು ಹಾಡಿದಂತೆ ಬಂದಿದೆ. ಹಿಂದೆ ಟಕ್ ಟಕ್ ಅನ್ನೋದು ನಮ್ಮ ಫ್ಯಾನು. ಆಫ್ ಮಾಡೋದು ಮರೆತಿದ್ದೆ.