ಮದುವೆಯ ವೇದಿಕೆಯನ್ನು ರಂಗಮಂದಿರವಾಗಿಸಿದ ಬಗೆ

ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಆಡಲು ಹೊರಟವರಿಗೆ ಹಾರ್ಮೋನಿಯಂ ಮೇಷ್ಟ್ರು ಸಿಗುತ್ತಾರೆ, ಸೀನರಿ (ದೃಶ್ಯಗಳನ್ನು ಬರೆದ ಪರದೆಗಳು) ಮತ್ತು ಉಡುಪು ಬಾಡಿಗೆಗೆ ಸಿಗುತ್ತವೆ. ಸಿಗದಿರುವುದು ನಾಟಕಕ್ಕೆಂದೇ ಕಟ್ಟಿದ ಜಾಗ. ಜಿಲ್ಲಾ ಕೇಂದ್ರದಲ್ಲಿ ಹಾಸನಾಂಬ ಕಲಾಕ್ಷೇತ್ರವಿದೆಯಾದರೂ ಊರಿನ ನಾಟಕ ಊರಿನಲ್ಲೇ ಆಗಬೇಕೆಂದು ಹಿರಿಯರು ಹಟ ಹಿಡಿದರೆ ಉಳಿಯುವುದು ಸಮುದಾಯ ಭವನವೊಂದೇ. ಬೇಲೂರು ತಾಲ್ಲೂಕಿನ ಅಂಥದೊಂದು ಭವನವನ್ನು ನಾಟಕಕ್ಕೆ ಸಜ್ಜುಗೊಳಿಸುವ ಕೆಲಸವನ್ನು ನಮ್ಮ ಹವ್ಯಾಸಿ ತಂಡ ನನಗೆ ವಹಿಸಿತು.

ಸಮುದಾಯ ಭವನದ ವೇದಿಕೆ ಮದುವೆಗಾಗಿ ಕಟ್ಟಿದ್ದು. ವಧೂವರರು ಎಲ್ಲ ಮೂಲೆಗಳಿಂದಲೂ ಕಾಣಬೇಕೆಂಬುದಷ್ಟೇ ಅದರ ಉದ್ದೇಶವಾದ್ದರಿಂದ ಅಲ್ಲಿ ಮರೆಯೆಂಬುದೇ ಇರುವುದಿಲ್ಲ. ನಾಟಕಕ್ಕಾದರೋ ಕಾಣುವ ಜಾಗದಷ್ಟೇ ಕಾಣದ ಜಾಗವೂ ಬೇಕು. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ ಮಧ್ಯಮ ಅಳತೆಯ ಆಯತಾಕಾರದ ನಾಟ್ಯಗೃಹಕ್ಕೆ 64 ಹಸ್ತ (ಮೊಳ) ಉದ್ದ, 32 ಹಸ್ತ ಅಗಲ ಹೇಳಿದೆ. ಅದರಲ್ಲಿ ಅರ್ಧ ಮಾತ್ರ ಪ್ರೇಕ್ಷಕರದು. ಉಳಿದರ್ಧವನ್ನು ಮತ್ತೆ ಎರಡು ಪಾಲು ಮಾಡಿ, ಹಿಂದಿನ ಪಾಲನ್ನು ಪೂರ್ತಿಯಾಗಿ ನಟರು ಸಜ್ಜಾಗುವ ನೇಪಥ್ಯಕ್ಕೆ ಬಿಡಬೇಕು. ಅಂದರೆ ಇಡೀ ಕಟ್ಟಡದ ಕಾಲುಭಾಗ ಯಾರ ಕಣ್ಣಿಗೂ ಬೀಳದ ಜಾಗ. ನಮ್ಮ ಭವನಗಳ ನಕ್ಷೆ ಬರೆಯುವವರು ಈ ಲೆಕ್ಕವನ್ನು ಒಮ್ಮೆ ನೋಡಿದ್ದರೆ ನನ್ನಂಥವರ ಕೆಲಸ ಬಹಳ ಹಗುರಾಗುತ್ತಿತ್ತು.

ನಮಗೆ ಸಿಕ್ಕ ವೇದಿಕೆ 30 ಅಡಿ ಅಗಲ, 20 ಅಡಿ ಆಳ, 4 ಅಡಿ ಎತ್ತರದ್ದು. ಹಿಂದೆ ಬರಿಯ ಗೋಡೆ. ಎಡಬಲಕ್ಕೆ ವರನ ಕೋಣೆ, ವಧುವಿನ ಕೋಣೆ. ಪರದೆ ಕಟ್ಟುವುದಕ್ಕೆ ಮೊದಲು ನಾನು ವೇದಿಕೆಯನ್ನು ಹತ್ತಲಿಲ್ಲ. ಸಭಾಂಗಣದ ಮೊದಲ ಸಾಲಿನ ಕಟ್ಟಕಡೆಯ ಕುರ್ಚಿಯಲ್ಲಿ ಕುಳಿತೆ. ವೇದಿಕೆಯ ಬದಿಗಳು ಹೆಚ್ಚು ಕಾಣುವುದು ಆ ಕುರ್ಚಿಗೇ. ವೇದಿಕೆಯ ಮುಂಭಾಗದಲ್ಲಿ ಎರಡು ಕಂಬ ನಿಲ್ಲಿಸಿ, ನಡುವೆ 22 ಅಡಿಯ ಬಾಯಿ ಬಿಟ್ಟು, ಪ್ರೊಸೀನಿಯಂ, ಅಂದರೆ ಪ್ರೇಕ್ಷಕರು ನಾಟಕವನ್ನು ನೋಡುವ ಚೌಕಟ್ಟಿನ ಅಳತೆ ಗುರುತಿಸಿಕೊಂಡಿದ್ದೆವು. ನನ್ನ ಕಣ್ಣಿನ ಮಟ್ಟದಲ್ಲಿ ಕುರ್ಚಿಗೆ ಕಟ್ಟಿದ ದಾರವನ್ನು ಒಬ್ಬ ಹುಡುಗ ಎದುರು ಬದಿಯ ಕಂಬದ ಒಳ ಅಂಚಿಗೆ ತಾಗಿಸಿ, ಹಾಗೆಯೇ ಹಿಂದಕ್ಕೆ ಎಳೆದುಕೊಂಡು ಹೋದ. ದಾರ ಹಾದುಹೋದ ಗೆರೆಯನ್ನು ಇನ್ನೊಬ್ಬ ಸೀಮೆಸುಣ್ಣದಿಂದ ನೆಲದ ಮೇಲೆ ಎಳೆದ. ಗೆರೆಯ ಒಳಗಿನದೆಲ್ಲ ಕಾಣುವ ಜಾಗ, ಹೊರಗಿನದು ಮರೆ. ಇನ್ನೊಂದು ತುದಿಯ ಕುರ್ಚಿಯಿಂದಲೂ ಹೀಗೆಯೇ ಮಾಡಿದ ಮೇಲೆ, ಬದಿಗಳನ್ನು ಮರೆಮಾಡುವ ಬಟ್ಟೆಗಳಾದ ವಿಂಗ್‌ಗಳನ್ನು ಎಲ್ಲಿ ನಿಲ್ಲಿಸಬೇಕೆಂಬ ಚರ್ಚೆಗೆ ಆಸ್ಪದವೇ ಉಳಿಯಲಿಲ್ಲ. ಗೆರೆಯ ಒಳಗೆ ಬದಿಯಲ್ಲಿ ಕಾಣುತ್ತಿದ್ದ ಪ್ರತಿಯೊಂದು ಸಂದಿಗೂ ಒಂದೊಂದು ಕಪ್ಪು ಬಟ್ಟೆ ಅಡ್ಡ ಬಂತು.

ಹೀಗೆ ಪ್ರತಿ ಬದಿಗೂ ಮೂರು ವಿಂಗ್ ನಿಂತವು. ಅವುಗಳ ನಡುವಿನ ಸಂದನ್ನು ಸಾಮಾಜಿಕ ನಾಟಕಕ್ಕೆ ಮೂರು ಅಡಿ ಇಟ್ಟರೂ ನಡೆಯುತ್ತದೆ. ಆದರೆ ಕುರುಕ್ಷೇತ್ರದ ದುರ್ಯೋಧನ ಭುಜಕೀರ್ತಿ ಕಟ್ಟಿಕೊಂಡು, ಗದೆ ಹೆಗಲಿಗೇರಿಸಿ ಬರುವಾಗ ಅಷ್ಟು ಸಂದಿನಲ್ಲಿ ಅಡ್ಡಡ್ಡವಾಗಿ ನುಸುಳಬೇಕಾಗುತ್ತದೆ. ಚಕ್ರವರ್ತಿಯ ಪ್ರವೇಶಕ್ಕೆ ಅದು ಭೂಷಣವಲ್ಲ. ಆದ್ದರಿಂದ ನಾಲ್ಕೂವರೆ ಅಡಿ ಬಿಟ್ಟೆವು. ಕಿರೀಟದ ಎತ್ತರವನ್ನೂ ಲೆಕ್ಕ ಹಾಕಿ, ಮೇಲೆ ಅಡ್ಡವಾಗಿ ಇಳಿಬಿಡುವ ಬಾರ್ಡರ್ ಬಟ್ಟೆಗಳನ್ನು ದೀಪದ ಪೈಪು ಮರೆಯಾಗುವಷ್ಟಕ್ಕೆ ಮಾತ್ರ ಇಳಿಸಿದೆವು.

ಆಳವನ್ನು ಹಂಚುವುದು ಇನ್ನೂ ಸೂಕ್ಷ್ಮ. ಅಂಕಪರದೆಯ (ಅಂಕ ಮುಗಿದಾಗ ಬೀಳುವ ಮುಂದಿನ ಪರದೆ) ಮುಂದೆ 3 ಅಡಿ, ನಡುವೆ ಅಭಿನಯಕ್ಕೆ 14 ಅಡಿ, ಕೊನೆಯ ಪರದೆಯ ಹಿಂದೆ ಗೋಡೆಯವರೆಗೆ 3 ಅಡಿ ಎಂದು ನಾನು ಹಂಚಿದಾಗ, ಹಿಂದಿನ 3 ಅಡಿ ದಂಡವೆಂದು ತಂಡದ ಹಿರಿಯ ನಟರೊಬ್ಬರು ಆಕ್ಷೇಪಿಸಿದರು. ‘ಅಣ್ಣ, ಆ ಓಣಿ ಇಲ್ಲದಿದ್ದರೆ ಎಡಗಡೆ ಹೋದ ಶಕುನಿ ಬಲಗಡೆಯಿಂದ ಬರುವುದು ಹೇಗೆ? ಭವನ ಸುತ್ತಿಕೊಂಡು, ಅಡುಗೆಯವರನ್ನು ದಾಟಿಕೊಂಡು ಬರಬೇಕಾಗುತ್ತದೆ’ ಎಂದು ನಾನು ಹೇಳಿದಾಗ ಒಪ್ಪಿದರು. ಅಭಿನಯದ 14 ಅಡಿಯನ್ನೂ ವೃತ್ತಿ ನಾಟಕ ಕಂಪನಿಗಳ ಕ್ರಮದಂತೆ ಎರಡಾಗಿ ಬಳಸಿದೆವು: ಮುಂದೆ ರಸ್ತೆಯ ಸೀನು (ರಸ್ತೆಯ ಚಿತ್ರ ಬರೆದ ಪರದೆ) ಇಳಿಬಿಟ್ಟು ಅಲ್ಲಿ ಚಿಕ್ಕ ದೃಶ್ಯ ನಡೆಯುತ್ತಿರುವಾಗ, ಅದರ ಹಿಂದೆ ಸದ್ದಿಲ್ಲದೆ ದರ್ಬಾರಿನ ಸಿಂಹಾಸನಗಳನ್ನು ಜೋಡಿಸಬಹುದು. ಕೆಳಗೆ ಬೊಂಬು ಸೇರಿಸಿ ಸುತ್ತಿ ಏರಿಸುವ ಈ ಸೀನುಗಳು ಹಳೆಯವಾದರೂ ಅವುಗಳ ಹಿಂದಿನ ಲೆಕ್ಕಾಚಾರ ಹಳತಾಗಿಲ್ಲ.

ಬೇಲೂರು ಚೆನ್ನಕೇಶವ ದೇವಾಲಯದ ನವರಂಗದ (ನಡುಮಂಟಪದ) ನಡುವಿನ ದುಂಡನೆಯ ಕಲ್ಲಿನ ಕುಣಿತದ ಜಗಲಿಯನ್ನು ತೋರಿಸಿ, ‘ಅಲ್ಲಿ ಪರದೆ, ವಿಂಗ್ ಏನಿದೆ?’ ಎಂದು ಕೇಳಿದವರುಂಟು. ಸುತ್ತಲಿಂದ ನೋಡುವ ಕುಣಿತಕ್ಕೆ ಮರೆಯ ಅಗತ್ಯವಿಲ್ಲ, ನಿಜ. ಒಂದೇ ಬದಿಯಿಂದ, ಚೌಕಟ್ಟಿನ ಮೂಲಕ ನೋಡುವ ಕ್ರಮ ನಮಗೆ 19ನೆಯ ಶತಮಾನದಲ್ಲಿ, ಪಾರ್ಸಿ ನಾಟಕ ಕಂಪನಿಗಳು ಊರೂರು ತಿರುಗಲಾರಂಭಿಸಿದ ಮೇಲೆ ಬಲವಾಗಿ ರೂಢಿಗೆ ಬಂತು. ಸೀನು ಬದಲಾಗುವ ಬೆರಗು ಬೇಕೆಂದಾದರೆ ಅದನ್ನು ಬದಲಾಯಿಸುವವರಿಗೆ ಅವಿತುಕೊಳ್ಳಲು ಜಾಗವೂ ಬೇಕು.

ವೇದಿಕೆಯ 4 ಅಡಿ ಎತ್ತರ ಮಾತ್ರ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತವರ ಕಣ್ಣು ಹೆಚ್ಚುಕಡಿಮೆ ಅದೇ ಮಟ್ಟಕ್ಕಿರುವುದರಿಂದ ಮುಂದಿನ ಸಾಲಿನವರಿಗೆ ನಟರ ಪಾದ ಸರಿಯಾಗಿ ಕಾಣುವುದಿಲ್ಲ. ಸಿಮೆಂಟಿನ ಕಟ್ಟೆಯನ್ನು ಒಡೆಯುವಂತಿರಲಿಲ್ಲವಾದ್ದರಿಂದ ಮೊದಲ ಸಾಲನ್ನು 8 ಅಡಿ ಹಿಂದಕ್ಕೆ ಸರಿಸಿ, ಖಾಲಿಯಾದ ಜಾಗದ ಒಂದು ಬದಿಗೆ ಹಾರ್ಮೋನಿಯಂ ಮತ್ತು ತಬಲದವರನ್ನು ಕೂರಿಸಿದೆವು. ಉಳಿದ ಜಾಗವನ್ನು ಜಮಖಾನ ಹಾಸಿಕೊಂಡು ಮಕ್ಕಳು ಆಕ್ರಮಿಸಿಕೊಂಡರು; ಅವರನ್ನು ಎಬ್ಬಿಸುವ ಶಕ್ತಿ ಯಾವ ರಂಗತಜ್ಞನಿಗೂ ಇಲ್ಲ.

ಬೆಳಕಿಗೆ ಒಂದೇ ನಿಯಮ ಪಾಲಿಸಿದೆ. ಮುಖದ ಮೇಲೆ ಬೆಳಕು ಎದುರಿನಿಂದ, ಸುಮಾರು 45 ಡಿಗ್ರಿ ಓರೆಯಲ್ಲಿ ಬೀಳಬೇಕು. ಸಭಾಂಗಣದ ಮಾಡಿಗೆ ಕಟ್ಟಿದ ಜಿಐ ಪೈಪು ವೇದಿಕೆಯ ನೆಲದಿಂದ 14 ಅಡಿ ಮೇಲಿತ್ತು. ನಟನ ಮುಖ ಐದೂವರೆ ಅಡಿಯಲ್ಲಿದೆಯೆಂದರೆ ಎರಡರ ಅಂತರ ಎಂಟೂವರೆ ಅಡಿ. ಪೈಪು ನಟನಿಂದ ಅಷ್ಟೇ ದೂರ ಮುಂದಿದ್ದರೆ ಓರೆ ತಾನಾಗಿ ಸರಿಹೋಗುತ್ತದೆ. ಪ್ರತಿ ದೀಪಕ್ಕೂ ಕ್ಲ್ಯಾಂಪಿನ ಜೊತೆಗೆ ಒಂದು ಸರಪಳಿ ಬಿಗಿದೆವು, ಏಕೆಂದರೆ ಕೆಳಗೆ ಕುಳಿತಿರುವವರು ಜನ.

ವರನ ಕೋಣೆ ಬಣ್ಣದ ಮನೆಯಾಯಿತು. ಅದರಿಂದ ನೇರವಾಗಿ ವೇದಿಕೆಯ ಬದಿಗೆ ತೆರೆಯುವ ಬಾಗಿಲಿತ್ತು. ವಧುವಿನ ಕೋಣೆಯಲ್ಲಿ ಆಯುಧಗಳು, ಸಿಂಹಾಸನಗಳು. ಎಡ ಬಲ ಎಂಬುದನ್ನು ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಲೆಕ್ಕದಲ್ಲೇ ಹೇಳಬೇಕೆಂದು ಎಲ್ಲರಿಗೂ ತಿಳಿಸಿ, ಎರಡೂ ಬದಿಯ ಗೋಡೆಗಳ ಮೇಲೆ ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮುಂದಿನ ಸಾಲಿಗೂ ಮಾತು ಕೇಳಿಸದು. ಅದಕ್ಕೆ ನನ್ನ ಬಳಿ ಉಪಾಯವಿರಲಿಲ್ಲವಾದ್ದರಿಂದ ನಾಟಕದ ದಿನವನ್ನು ಮುಂಗಾರಿಗೆ ಬಹಳ ಮೊದಲೇ ಗೊತ್ತುಮಾಡಿಸಿದೆ.