ಕ್ಲಚ್ ತಡವಾಗಿ ಹಿಡಿಯುತ್ತಿದ್ದರೆ ಪೈಪಿನೊಳಗಿನ ವಾಲ್ವ್ ನೋಡಿ

ನನ್ನ ಕಾರಿನಲ್ಲಿ ಪೆಡಲ್ ಫಟ್ಟನೆ ಬಿಟ್ಟರೂ ಕ್ಲಚ್ ನಿಧಾನವಾಗಿ ಹಿಡಿಯುತ್ತಿತ್ತು. ಒಂದರಿಂದ ಎರಡನೇ ಗೇರಿಗೆ ಹಾಕಿದಾಗ ಆರ್‌ಪಿಎಂ ಏರಿ, ಆಮೇಲೆ ಜರ್ಕ್. ಕ್ಲಚ್ ಫ್ಲೂಯಿಡ್ ಬದಲಿಸಿದೆ, ಬ್ಲೀಡ್ ಮಾಡಿದೆ (ಪೈಪಿನೊಳಗಿನ ಗಾಳಿ ತೆಗೆದೆ), ಗೇರ್ ಆಯಿಲ್ ಹೊಸದು ಹಾಕಿದೆ. ಏನೂ ಆಗಲಿಲ್ಲ. ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಅಂದ, ಅದಲ್ಲ.

ಕಾರಣ ಡಿಲೇ ವಾಲ್ವ್. ಫ್ಲೂಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ಹತ್ತಿರ, ಲೋಹದ ಪೈಪಿಗೂ ರಬ್ಬರ್ ಹೋಸಿಗೂ ನಡುವೆ ಕೂತಿರುತ್ತದೆ. ಒಳಗಿನ ಸಣ್ಣ ತೂತು ಫ್ಲೂಯಿಡ್ ವಾಪಸ್ ಹೋಗುವುದನ್ನು ನಿಧಾನ ಮಾಡುತ್ತದೆ, ಅದಕ್ಕೇ ಕ್ಲಚ್ ತಡವಾಗಿ ಹಿಡಿಯುತ್ತದೆ. ಡ್ರಿಲ್ ಮಾಡಿ ದೊಡ್ಡದು ಮಾಡಬೇಡಿ, ಲೋಹದ ಚೂರು ಸಿಲಿಂಡರ್ ಸೀಲ್ ಕೊಯ್ಯುತ್ತದೆ. ಫ್ಲೇರ್ ನಟ್ ಸ್ಪ್ಯಾನರಿನಲ್ಲಿ ಬಿಚ್ಚಿ, ವಾಲ್ವ್ ತೆಗೆದು, ಹೋಸನ್ನು ನೇರ ಪೈಪಿಗೆ ಕೂಡಿಸಿದೆ. ನನ್ನದರಲ್ಲಿ ತಿರುಪಿನ ಮರೆ (ಥ್ರೆಡ್) ಎರಡೂ ಕಡೆ ಹೊಂದಿತು.

ನಂತರ ಡಾಟ್ 4 ಫ್ಲೂಯಿಡ್ ತುಂಬಿ, ಸ್ಲೇವ್ ಬಿಚ್ಚಿ ರಾಡ್ ಪೂರ್ತಿ ಒಳಗೊತ್ತಿ, ಗಾಳಿ ಬಿಡುವ ನಿಪ್ಪಲ್ ಮೇಲ್ಮುಖವಾಗಿಟ್ಟು ಪ್ರೆಷರ್ ಬ್ಲೀಡರಿನಿಂದ ಗಾಳಿ ತೆಗೆದೆ. ಸ್ಲೇವ್ ಬಿಚ್ಚಿರುವಾಗ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹೊರಗೆ ಬರುತ್ತದೆ. ನನ್ನ ಕಾರಿನಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಫ್ಲೂಯಿಡ್ ಡಬ್ಬ ಒಂದೇ, ಹಾಗಾಗಿ ಮಟ್ಟ ಇಳಿಯಲು ಬಿಡಬೇಡಿ.