ಮಂತ್ರಕ್ಕೆ ಮಾವಿನಕಾಯಿ ಉದುರದ ಲೋಕ

ನಮ್ಮ ಆಟದ ಮೊದಲ ಮಂತ್ರದಂಡ ಸಂತೆಯಲ್ಲಿ ಸಿಕ್ಕಿತು. ಆಟಗಾರ್ತಿಯೊಬ್ಬಳು "ಎಷ್ಟು?" ಅಂದಳು. ನಾನು "ಐವತ್ತು ವರಹ" ಅಂದೆ. ಕೊಟ್ಟಳು, ತಗೊಂಡಳು. ಬೆಂಕಿ ಉಗುಳುವ ಕೋಲು ಕೊತ್ತಂಬರಿ ಕಟ್ಟಿನ ಹಾಗೆ ಕೈ ಬದಲಾಯಿಸಿತು. ಎರಡು ವಾರ ಕಳೆಯುವಷ್ಟರಲ್ಲಿ ಅದು ಚೀಲದಲ್ಲಿದೆ ಅನ್ನೋದೇ ಅವಳಿಗೆ ಮರೆತುಹೋಗಿತ್ತು.

ನಾನು ನಡೆಸೋದು 1974ರಲ್ಲಿ ಅಮೆರಿಕದಲ್ಲಿ ಶುರುವಾದ ಡಂಜನ್ಸ್ ಅಂಡ್ ಡ್ರಾಗನ್ಸ್ ಜಾತಿಯ ಆಟ. ಮೇಜಿನ ಸುತ್ತ ಕೂತು ಮಾತಲ್ಲೇ ಕತೆ ಕಟ್ಟುತ್ತಾ, ಇಪ್ಪತ್ತು ಮುಖದ ದಾಳ ಉರುಳಿಸುತ್ತಾ ಹೋಗುವುದು. ಶನಿವಾರ ಸಂಜೆ, ಬೆಂಗಳೂರಿನ ಒಂದು ಬಾಡಿಗೆ ಮನೆ, ಐದು ಜನ ಆಟಗಾರರು, ಭಾಷೆ ಕನ್ನಡ. ಲೋಕದ ಹೆಸರು ಕಾನುಸೀಮೆ. ಅದನ್ನು ಕಟ್ಟಿದವನು ನಾನೇ ಆದ್ದರಿಂದ ಆ ಕೊತ್ತಂಬರಿ ಕಟ್ಟಿನ ಅವಮಾನವೂ ನನ್ನದೇ.

"ಮಂತ್ರಕ್ಕೆ ಮಾವಿನಕಾಯಿ ಉದುರುತ್ತಾ?" ಅಂತ ನಮ್ಮಜ್ಜಿ ಕೇಳೋರು. ಕಾನುಸೀಮೆಯಲ್ಲಿ ಉದುರಲ್ಲ ಅಂತ ತೀರ್ಮಾನ ಮಾಡಿದೆ. ಮಂತ್ರ ಎಲ್ಲರಿಗೂ ಗೊತ್ತು, ಮಕ್ಕಳು ಮಗ್ಗಿ ಥರ ಒಪ್ಪಿಸ್ತಾರೆ. ಕೆಲಸ ಆಗಬೇಕಾದರೆ ಹತಾರ ಬೇಕು. ಹತಾರ ಮಾಡುವವರು ಹತಾರಿಗರು. ಅದು ಮಾರಾಟಕ್ಕಿಲ್ಲ, ಬೇಕಾದವನು ತಾನೇ ಮಾಡಿಕೊಳ್ಳಬೇಕು.

ಹೇಗೆ ಮಾಡ್ತಾರೆ? ಅಲ್ಲೇ ನಾನು ಸಿಕ್ಕಿಬಿದ್ದೆ. ಮೊದಲ ಕರಡಿನಲ್ಲಿ "ಸರ್ಪದ ಮಣಿ ಒಂದು, ಹುಣ್ಣಿಮೆಯ ನೀರು ಮೂರು ಬೊಗಸೆ" ಅಂತೆಲ್ಲ ಇತ್ತು. ಬರೆದಿದ್ದನ್ನು ಓದಿದರೆ ಸಾರಿನ ಪುಡಿಯ ಚೀಟಿ ಹಾಗಿತ್ತು.

ಆಗ ನೆನಪಾಗಿದ್ದು ಆಟಿ ಅಮಾವಾಸ್ಯೆ. ನಮ್ಮದು ತುಳುನಾಡು. ಆ ದಿನ ಸೂರ್ಯ ಹುಟ್ಟುವ ಮೊದಲೇ ಹೋಗಿ ಪಾಲೆ ಮರದ ತೊಗಟೆ ತರಬೇಕು. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಿಂದ ಜಜ್ಜಿಯೇ ತೆಗೀಬೇಕು. ಅದರ ಕಷಾಯಕ್ಕೆ ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ, ಕೆಂಪಗೆ ಕಾದ ಬಿಳಿ ಬೆಣಚುಕಲ್ಲನ್ನು ಚೊಂಯ್ ಅಂತ ಇಳಿಸ್ತಾರೆ. ಕುಡಿದರೆ ಕಹಿ ನೆತ್ತಿಗೇರುತ್ತೆ, ಆಮೇಲೆ ಮೆಂತೆ ಗಂಜಿ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ, ಪ್ರಾಣವೇ ಹೋಗಬಹುದು. ಅದಕ್ಕೇ ನಮ್ಮಪ್ಪ ಹಿಂದಿನ ಸಂಜೆಯೇ ಮರ ನೋಡಿ ಬುಡಕ್ಕೆ ದಾರ ಕಟ್ಟಿ ಬರೋರು.

ಆಟಕ್ಕೆ ಬೇಕಾದ ನಿಯಮವೆಲ್ಲ ಇದರಲ್ಲೇ ಇತ್ತು. ವೇಳೆ ಇದೆ, ನಿಷೇಧ ಇದೆ, ತಪ್ಪಿದರೆ ಶಿಕ್ಷೆ ಇದೆ, ತಪ್ಪದಿರಲು ಒಂದು ದಾರದ ತುಂಡೂ ಇದೆ. ಸರ್ಪದ ಮಣಿಯನ್ನು ಅವತ್ತೇ ಕಸಕ್ಕೆ ಹಾಕಿದೆ. ಇನ್ನು ಮೇಲೆ ನನ್ನ ಕೈಗೆ ಗೊತ್ತಿಲ್ಲದ ಹತಾರ ಕಾನುಸೀಮೆಯಲ್ಲಿ ಇರಬಾರದು ಅಂದುಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ.

ಬೊಂಬೆ ಕಡೆಯುವ ಹಿರಿಯರೊಬ್ಬರು ತಮ್ಮ ತಿರುಗಣೆಯ ಪಕ್ಕ ಜಾಗ ಕೊಟ್ಟರು. ಅಲ್ಲಿ ಬಳಸೋದು ಆಲೆ ಮರ. ದಂತದ ಬಣ್ಣ, ನುಣುಪು, ಎಳೆ ಕಾಣೋದೇ ಕಮ್ಮಿ. (ನಮ್ಮೂರಿನ ಪಾಲೆಗೂ ಕನ್ನಡದಲ್ಲಿ ಹಾಲೆ ಅಂತಾರೆ. ಎರಡರಲ್ಲೂ ಬಿಳಿ ಹಾಲು ಬರುತ್ತೆ, ಆದರೆ ಮರ ಬೇರೆ ಬೇರೆ. ಈ ಗೊಂದಲ ಬಿಡಿಸಿಕೊಳ್ಳೋಕೇ ನನಗೆ ಅರ್ಧ ದಿನ ಹೋಯ್ತು.) "ಈ ತುಂಡು ಇನ್ನೂ ಹಸಿ, ಎರಡು ಮೂರು ತಿಂಗಳು ಒಣಗಲಿ" ಅಂದರು. ನನಗೆ ಮುಂದಿನ ಶನಿವಾರಕ್ಕೆ ದಂಡ ಬೇಕಿತ್ತು. ಅದನ್ನೇ ಕೊಡಿ ಅಂದೆ. ಒಂದು ಸಲ ನನ್ನ ಮುಖ ನೋಡಿ ಕೊಟ್ಟರು.

ಉಳಿ ಹಿಡಿಯೋದನ್ನು ಬರೆದು ಹೇಳೋಕಾಗಲ್ಲ. ಮೊದಲ ಸಲ ತಾಗಿಸಿದಾಗ ಅದು ಮರಕ್ಕೆ ಸಿಕ್ಕಿ ಮೊಣಕೈವರೆಗೂ ಒದೆಯಿತು. ಹೇಗೋ ಗೇಣುದ್ದದ ಕೋಲಾಯಿತು. ಆಮೇಲೆ ಬಂತು ಅರಗು. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಬೇಕು. ಒಲೆ ಬೇಕಿಲ್ಲ, ಉಜ್ಜಿದ ಬಿಸಿಗೇ ಕರಗಿ ಮೈಗೆ ಹತ್ತುತ್ತೆ. ಮೆತ್ತಗೆ ಒತ್ತಿದರೆ ತೇಪೆ ತೇಪೆ, ಜೋರಾಗಿ ಒತ್ತಿದರೆ ಸುಟ್ಟ ವಾಸನೆ. ನನಗೆ ಎರಡೂ ಆಯ್ತು. ಕೊನೆಗೆ ಅವರು ಒಣಗಿದ ಕೇದಗೆ ಗರಿಯ ತುಂಡೊಂದನ್ನು ಮಡಚಿ ಕೊಟ್ಟರು. ಅದನ್ನು ಒತ್ತಿ ಹಿಡಿದೆ ನೋಡಿ, ಆ ಗಂಟುಗಂಟಾದ ಕೆಂಪು ನನ್ನ ಕಣ್ಣೆದುರೇ ಹರಡಿ, ಸಮವಾಗಿ, ಒದ್ದೆಯಾದ ಹಾಗೆ ಹೊಳೆಯಿತು. ಗರಿ ಸರಿಸಿದರೆ ಕಿಟಕಿಯ ಚೌಕಟ್ಟು ಕೋಲಿನ ಮೈಮೇಲೆ ಗೆರೆಯಾಗಿ ಕಾಣುತ್ತಿತ್ತು. ಕಾನುಸೀಮೆಯಲ್ಲಿ ಇವತ್ತಿಗೂ ಹತಾರಿಗನ ಗುರುತು ಅಂದರೆ ಸೊಂಟಕ್ಕೆ ಸಿಕ್ಕಿಸಿದ ಕೇದಗೆ ಗರಿ.

ಶನಿವಾರ ದಂಡ ಎಲ್ಲರ ಕೈಯಲ್ಲೂ ಓಡಾಡಿತು. ಮರುವಾರ ಡಬ್ಬಿ ತೆರೆದರೆ ತುದಿಯಿಂದ ಎರಡಿಂಚು ಸೀಳಿತ್ತು, ಅರಗಿನ ಪದರವೂ ಅದರ ಜೊತೆಗೇ.

ನನ್ನ ಅತ್ಯುತ್ತಮ ನಿಯಮ ಆ ಬಿರುಕಿನಿಂದ ಹುಟ್ಟಿತು. ಹಸಿ ಮರದ ದಂಡ ಇವತ್ತೇ ಕೆಲಸ ಮಾಡುತ್ತೆ, ಆದರೆ ಬಳಸಿದಾಗೆಲ್ಲ ದಾಳ ಹಾಕಬೇಕು. 1, 2, 3 ಬಿದ್ದರೆ ಸೀಳು. ಅಂದರೆ ನೂರಕ್ಕೆ 15. ಕಮ್ಮಿ ಅನ್ನಿಸುತ್ತೆ, ಆದರೆ ನಾಲ್ಕು ಸಲ ಬಳಸುವಷ್ಟರಲ್ಲಿ ದಂಡ ಉಳಿದಿರುವ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕೆ ಬಂದಿರುತ್ತೆ. ಒಣಗಿದ ಮರದ್ದು ಬೇಕಾದರೆ ಕತೆಯೊಳಗೆ ಒಂದು ಮಳೆಗಾಲ ಕಾಯಬೇಕು. ಸಂತೆಯಲ್ಲಿ ಕೋಲು ಕೊಂಡಿದ್ದ ಆ ಹುಡುಗಿ ಕಾದಳು! ಆಟದ ಮೂರು ಶನಿವಾರ ಕೈಯಲ್ಲಿ ದಂಡವಿಲ್ಲದೆ, ಬರೀ ಬಾಯಿಮಾತಲ್ಲೇ ಕಳ್ಳರನ್ನು ಸಂಭಾಳಿಸಿದಳು. ಕಡೆಗೆ ಕೈಗೆ ಬಂದ ಕೋಲಿಗೆ ಹೆಸರೂ ಇಟ್ಟಳು.

ಎರಡನೇ ಹತಾರ ಅಂಜನದ ಬಟ್ಟಲು. ಕಳೆದುಹೋದ ವಸ್ತು ಎಲ್ಲಿದೆ ಅಂತ ವೀಳ್ಯದೆಲೆಗೆ ಅಂಜನ ಹಚ್ಚಿ ನೋಡಿಸುವ ಪದ್ಧತಿ ಎಲ್ಲರೂ ಕೇಳಿದ್ದೇ. ನನಗೆ ಅಷ್ಟೇ ಕಪ್ಪಾದ, ಆದರೆ ಮಾಡೋಕೆ ಕಷ್ಟವಾದ ವಸ್ತು ಬೇಕಿತ್ತು. ಬೀದರಿಗೆ ಹೋದೆ.

ಬಿದರಿ ಅಂದರೆ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ, ಹದಿನಾರಕ್ಕೆ ಒಂದರ ಲೆಕ್ಕ. ಎರಕ ಹೊಯ್ದದ್ದನ್ನು ದೂರ ನಿಂತು ನೋಡಿದೆ ಅಷ್ಟೇ, ಆ ಹೊಗೆ ಎದೆಗೆ ಒಳ್ಳೇದಲ್ಲ. ನನ್ನ ಕೈಗೆ ಕೊಟ್ಟದ್ದು ಅಂಗೈ ಅಗಲದ ಬಿಲ್ಲೆ. ಮೊದಲು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡ್ತಾರೆ, ಕೊರೆದ ಗೆರೆ ಕಾಣಲಿ ಅಂತ. ಗೆರೆಯೊಳಗೆ ಬೆಳ್ಳಿ ತಂತಿ ಕೂರಿಸಿ ಸಣ್ಣ ಸುತ್ತಿಗೆಯಲ್ಲಿ ಬಡಿಯೋದು. ಆಮೇಲೆ ಅರ ಹಾಕಿ ಉಜ್ಜಿ ಆ ಕಪ್ಪನ್ನೆಲ್ಲ ತೆಗೆದುಬಿಡ್ತಾರೆ. ನನ್ನ ಎದೆ ಧಸಕ್ಕೆಂದದ್ದು ಆಗಲೇ. ಬೆಳ್ಳಿಯೂ ಬಿಳಿ, ಸತುವೂ ಬಿಳಿ. ಒಂದು ಮಧ್ಯಾಹ್ನ ಪೂರ್ತಿ ಕೂತು ಕೊರೆದ ಬಳ್ಳಿ ಕಾಣೋದೇ ಇಲ್ಲ.

"ಇದೆ, ಇದೆ" ಅಂತ ನಗ್ತಾ ಕುಶಲಕರ್ಮಿ ಬಿಲ್ಲೆ ಬಿಸಿ ಮಾಡಿದರು. ಕೋಟೆಯ ಮಣ್ಣಿಗೆ ನವಸಾಗರ, ನೀರು ಸೇರಿಸಿ ಕುದಿಸಿದ್ದರು. ಅದರಲ್ಲಿ ಅದ್ದಿ ಉಜ್ಜಿದರೆ ಸತು ಕಾಡಿಗೆಯಂತೆ ಕಪ್ಪಾಯಿತು. ಬೆಳ್ಳಿಗೆ ಏನೂ ಆಗಲಿಲ್ಲ. ಬಳ್ಳಿ ವಾಪಸ್ ಬಂತು. ಆ ಮಣ್ಣು ಬೀದರ್ ಕೋಟೆಯಲ್ಲಿ ಬಿಸಿಲು ಮಳೆ ತಾಗದ ಜಾಗದ್ದೇ ಆಗಬೇಕಂತೆ. ಸರಿಯಾದದ್ದಾ ಅಂತ ನಾಲಿಗೆಗೆ ಹಚ್ಚಿ ನೋಡ್ತಾರೆ.

ಕಾನುಸೀಮೆಗೆ ಎರಡನ್ನೂ ತಂದೆ. ಬಟ್ಟಲಿನಲ್ಲಿ ಏನು ಕೊರೆದಿದೆ ಅಂತ ಹತಾರಿಗ ಮನಸ್ಸಲ್ಲಿ ಇಟ್ಟುಕೊಳ್ಳಬೇಕು, ಮಣ್ಣು ತಾಗುವವರೆಗೆ ಅದು ಬೇರೆ ಯಾರ ಕಣ್ಣಿಗೂ ಬೀಳಲ್ಲ. ಆ ಮಣ್ಣು ಸಿಗೋದು ಊರನ್ನು ಕಾಯುವ ಒಂದೇ ಒಂದು ಗೋಡೆಯ ಒಳಮೈಯಲ್ಲಿ. ಒಂದು ಬಟ್ಟಲಿಗೆ ಒಂದು ಹಿಡಿ.

ಮೇಜಿನ ಮಧ್ಯೆ 40 ಹುಣಸೆ ಬೀಜ ಸುರಿದೆ. "ಇದು ಗೋಡೆ. ಹಿಡಿಗೊಂದು ಬೀಜ." ಬೇರೇನೂ ಹೇಳಲಿಲ್ಲ. ಮೊದಲ ವಾರ ಕೈಗಳು ಧಾರಾಳವಾಗಿ ಬಂದವು. ಬಟ್ಟಲು ಮಾಡಿದರು, ಮತ್ತೆ ಮಾಡಿದರು. ನಾಲ್ಕನೇ ವಾರ 11 ಉಳಿದಿತ್ತು, ಊರಾಚೆ ಕಾಡಿನಲ್ಲಿ ಏನೋ ಉಸಿರಾಡುವ ಸದ್ದು ಅಂತ ನಾನು ಹೇಳಿದೆ. ಯಾರೂ ದಾಳ ಮುಟ್ಟಲಿಲ್ಲ.

ಆ ದಂಡದ ಹುಡುಗಿ ತಾನು ಎತ್ತಿಕೊಂಡಿದ್ದ ಬೀಜವನ್ನು ವಾಪಸ್ ಇಟ್ಟಳು. "ನನ್ನ ಬಟ್ಟಲು ಅರ್ಧಕ್ಕೇ ಇರಲಿ. ಏನು ಕೊರೆದಿದ್ದೀನಿ ಅಂತ ನಂಗೆ ಗೊತ್ತಲ್ಲ. ಕಾಣದೇ ಇದ್ದರೆ ಕೆಲಸ ಮಾಡಲ್ವಾ?"

ಉಳಿದ ನಾಲ್ವರೂ ನನ್ನ ಕಡೆ ತಿರುಗಿದರು. ನನ್ನ ಪುಸ್ತಕದಲ್ಲಿ ಅದಕ್ಕೆ ನಿಯಮ ಇರಲಿಲ್ಲ. ಕಾಫಿ ಮಾಡ್ಕೊಂಡು ಬರ್ತೀನಿ ಅಂತ ಎದ್ದು ಅಡುಗೆಮನೆಗೆ ಹೋದೆ.